ತಾತನ ಯೆಜ್ಡಿ, ಅರ್ಧ ಕೆಜಿ ಹುಣಸೆಹಣ್ಣು

ತಾತನ ಯೆಜ್ಡಿ ಬೈಕು 19 ವರ್ಷ ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಯ ಕೊಟ್ಟಿಗೆಯಲ್ಲೇ ನಿಂತಿತ್ತು. ಸೀಟಿನ ಮೇಲೆ ಕೋಳಿ ಕೂರುತ್ತಿದ್ದವು, ಏರ್ ಫಿಲ್ಟರ್ ಡಬ್ಬದೊಳಗೆ ಇಲಿ ಗೂಡು ಕಟ್ಟಿತ್ತು. ಗುಜರಿಯವರು ಎರಡು ಸಲ ಬಂದು ಕೇಳಿದರೂ ಮಾವ ಕೊಡಲಿಲ್ಲ. ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಮಾವ ನನ್ನನ್ನು ಕರೆದು, "ಇದನ್ನ ನಾವಿಬ್ರೇ ರೆಡಿ ಮಾಡೋಣ ಕಣವ್ವ" ಅಂದರು. ಮಾರನೇ ದಿನವೇ ಟಾಟಾ ಏಸ್‌ಗೆ ಹಾಕಿಸಿಕೊಂಡು ಮೈಸೂರಿಗೆ, ಕುವೆಂಪುನಗರದ ನಮ್ಮ ಮನೆಗೆ ತಂದೆವು.

ಅದಕ್ಕೆ ಇದು ತವರಿಗೆ ಬಂದ ಹಾಗೆ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಹುಟ್ಟಿದ ಗಾಡಿ ಅಲ್ವಾ. 1961ರಲ್ಲಿ ಅಲ್ಲಿ ಜಾವಾ ಬೈಕು ತಯಾರಾಗಲು ಶುರುವಾಯಿತು, 1973ರಲ್ಲಿ ಯೆಜ್ಡಿ ಅನ್ನುವ ಹೆಸರು ಬಂತು, 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ತಾತ ಕೊಂಡಿದ್ದು 1982ರಲ್ಲಿ, ಕಬ್ಬಿನ ದುಡ್ಡಿನಲ್ಲಿ.

ನನಗೆ ಮೊದಲು ಪೇಂಟ್ ಮಾಡಿಸುವ ಆಸೆ. ಮಾವ ಒಪ್ಪಲಿಲ್ಲ. ಅವರು ಹೇಳಿದ್ದೇ ಸರಿ, ಹಳೇ ಗಾಡಿ ಎತ್ತುವವರಿಗೆಲ್ಲ ನಾನೂ ಈಗ ಅದನ್ನೇ ಹೇಳುತ್ತೇನೆ: ಮೊದಲು ಇಂಜಿನ್ ನೋಡಿ, ಬಣ್ಣ ಆಮೇಲೆ.

ಕಿಕ್ಕರ್ ಅಲುಗಾಡಲೇ ಇಲ್ಲ. ಪಿಸ್ಟನ್ ಜಾಮ್. ಇಂಥ ಹೊತ್ತಲ್ಲಿ ಜೋರಾಗಿ ತುಳಿದರೆ ರಿಂಗ್ ಮುರಿಯಬಹುದು, ಬೋರ್ (ಸಿಲಿಂಡರಿನ ಒಳಗೋಡೆ) ಗೀರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಡೀಸೆಲ್‌ಗೆ ಇಂಜಿನ್ ಆಯಿಲ್ ಬೆರೆಸಿ ಆ ತೂತಿನಲ್ಲಿ ಸುರಿದು ಸುಮ್ನೆ ಬಿಟ್ಟೆವು. ದಿನಾ ಸಂಜೆ ನಾಲ್ಕನೇ ಗೇರ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸುವುದು, ಆಗಲಿಲ್ಲ ಅಂದರೆ ಮತ್ತೆ ಸ್ವಲ್ಪ ಆಯಿಲ್ ಬಿಟ್ಟು ಮಲಗುವುದು. ಎಂಟನೇ ದಿನ 'ಟಕ್' ಅಂತ ಒಂದು ಸದ್ದು ಬಂತು, ಚಕ್ರ ಒಂದು ಇಂಚು ತಿರುಗಿತು. ಮಾವ ಕೈ ಒರೆಸಿಕೊಂಡು ಒಳಗೆ ಹೋಗಿ ಕಾಫಿ ಕೇಳಿದರು, ಅವತ್ತಿಗೆ ಕೆಲಸ ಅಲ್ಲಿಗೆ ಸಾಕು.

ಟ್ಯಾಂಕಿನೊಳಗೆ ಪೂರ್ತಿ ತುಕ್ಕು. ಅದಕ್ಕೆ ಅಮ್ಮನೇ ದಾರಿ ತೋರಿಸಿದ್ದು. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣು ತುಕ್ಕಿಗೂ ಆಗಬೇಕಲ್ವಾ ಅಂತ ಅರ್ಧ ಕೆಜಿ ಹಳೇ ಹಣ್ಣನ್ನು ಬಿಸಿನೀರಲ್ಲಿ ಕಿವುಚಿ, ಸೋಸಿ ಕೊಟ್ಟರು. ಅದರ ಜೊತೆ ಒಂದು ಹಿಡಿ ಸಣ್ಣ ಜಲ್ಲಿ ಹಾಕಿ ಎರಡು ದಿನ ನೆನೆಸಿಟ್ಟು, ನೆನಪಾದಾಗಲೆಲ್ಲ ಇಬ್ಬರೂ ಹಿಡಿದು ಕುಲುಕಿದೆವು. ಬಗ್ಗಿಸಿದರೆ ಕೆಂಪು ಮಣ್ಣಿನ ರಾಡಿಯಂಥ ನೀರು. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಬಿಸಿಲಿಗಿಟ್ಟೆವು.

ಕಿಡಿ ಬರುತ್ತಿರಲಿಲ್ಲ. ಡೈನಮೋ ಕಡೆಯ ಮುಚ್ಚಳ ತೆಗೆದರೆ ಪಾಯಿಂಟ್ ಮೇಲೆ, ಅಂದರೆ ಕರೆಂಟ್ ಕಡಿದು ಕಿಡಿ ಬರಿಸುವ ಪುಟ್ಟ ಲೋಹದ ಜೋಡಿಯ ಮೇಲೆ, ಬೂದು ಬಣ್ಣದ ಪೊರೆ. ಮಾವ ಎಮರಿ ಕಾಗದದಲ್ಲಿ ಎರಡೇ ಸಲ ಉಜ್ಜಿ, ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಒಂದು ಚೂರು ಹರಿದು, ಪಾಯಿಂಟ್ ನಡುವೆ ಸಿಕ್ಕಿಸಿ ಎಳೆದರು. ರಟ್ಟಿನ ಮೇಲೆ ಕಪ್ಪು ಗೆರೆ ಬಿತ್ತು. ಗೆರೆ ಬೀಳುವುದು ನಿಲ್ಲುವ ತನಕ ಎಳೆಯಬೇಕು ಅಂತ ಚೂರನ್ನು ನನ್ನ ಕೈಗೆ ಕೊಟ್ಟರು. ಐದನೇ ಸಲಕ್ಕೆ ರಟ್ಟು ಬಿಳಿಯಾಗೇ ಹೊರಬಂತು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು 0.4 ಮಿಮೀ ಗ್ಯಾಪ್ ಕೂರಿಸಿದೆವು.

ಪೆಟ್ರೋಲ್ ಲೀಟರಿಗೆ 40 ಎಂಎಲ್ ಟೂ ಸ್ಟ್ರೋಕ್ ಆಯಿಲ್ ಬೆರೆಸಿ ತುಳಿದರೆ ಆರನೇ ಕಿಕ್‌ಗೆ ಶುರುವಾಯಿತು! ಆದರೆ ಆಕ್ಸಿಲೇಟರ್ ಬಿಟ್ಟರೂ ರೇಸ್ ತಾನಾಗೇ ಏರುತ್ತಲೇ ಹೋಯಿತು. ಮಾವ ತಕ್ಷಣ ಪೆಟ್ರೋಲ್ ಬಂದ್ ಮಾಡಿ, "ಗಾಳಿ ಎಳೀತಾ ಐತೆ, ಸೀಲ್ ಹೋಗೈತೆ" ಅಂದರು. ಡೈನಮೋ ಕಳಚಿ ನೋಡಿದರೆ ಇಂಜಿನ್ನೊಳಗೆ ಹೊರಗಿನ ಗಾಳಿ ನುಗ್ಗದಂತೆ ತಡೆಯುವ ಕ್ರ್ಯಾಂಕಿನ ರಬ್ಬರ್ ಸೀಲ್ ಒಣಗಿ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ಇನ್ನೊಂದು ಬದಿಯದ್ದನ್ನೂ ಜೊತೆಗೇ ಬದಲಿಸಿದೆವು. ಸೀಲ್ ತರಲು ಅಂಗಡಿ ಅಂಗಡಿ ಅಲೆದಿದ್ದೇ ಒಂದು ವಾರ.

ಈಗ ಹದವಾಗಿ ನಿಂತು ಬಡಿದುಕೊಳ್ಳುತ್ತದೆ. ಕಿಕ್ಕರ್‌ ಅನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುವ ಆ ಕೈಚಳಕ ನನಗೂ ಬಂತು. ಬಣ್ಣ ಮಾತ್ರ ಮಾಡಿಸುವುದಿಲ್ಲ, ಟ್ಯಾಂಕಿನ ಎಡಗಡೆ ತಾತನ ಮಂಡಿ ತಾಗಿ ತಾಗಿ ಸವೆದಿರುವ ಜಾಗ ಹಾಗೇ ಇರಲಿ. ಅಮ್ಮ ಚಿಕ್ಕವರಿದ್ದಾಗ ಇದೇ ಟ್ಯಾಂಕಿನ ಮೇಲೆ ಕೂತು ಸ್ಕೂಲಿಗೆ ಹೋಗುತ್ತಿದ್ದರಂತೆ. ಮುಂದಿನ ಭಾನುವಾರ ಅವರನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೋಗಬೇಕು. ಅಷ್ಟರಲ್ಲಿ ಹಿಂದಿನ ಬ್ರೇಕ್ ಶೂ ಸಿಗಬೇಕು, ಮಾವ ಮಂಡ್ಯದಲ್ಲಿ ಹುಡುಕುತ್ತಿದ್ದಾರೆ.