ಅಜ್ಜಿಯ ಎರಡೂವರೆ ವರ್ಷದ ಲೆಕ್ಕ

2020ರ ಡಿಸೆಂಬರ್ ಪೂರ್ತಿ ನಾನು ಅರಸೀಕೆರೆ ಹತ್ತಿರದ ನಮ್ಮೂರಲ್ಲೇ ಇದ್ದೆ. ಕೊರೊನಾ ಕಾಲ, ಕೆಲಸ ಮನೆಯಿಂದಲೇ. ಸಂಜೆ ತಾರಸಿ ಹತ್ತಿದರೆ ನೈಋತ್ಯದಲ್ಲಿ, ತೆಂಗಿನ ಗರಿಗಳ ಮೇಲೆ ಎರಡು ಚುಕ್ಕೆ. ಜೋರಾಗಿ ಹೊಳೆಯೋದು ಗುರು. ಅದರ ಮೇಲೆ ಮಂಕಾಗಿ ಇರೋದು ಶನಿ.

ತಿಂಗಳ ಮೊದಲ ದಿನ ಕೈ ಚಾಚಿ ಅಳೆದೆ. ಎರಡರ ನಡುವೆ ಹೆಬ್ಬೆರಳಿನ ಅಗಲ, ಅಂದರೆ ಸುಮಾರು ಎರಡು ಡಿಗ್ರಿ. ಹನ್ನೆರಡನೇ ತಾರೀಕಿಗೆ ಕಿರುಬೆರಳು ಸಾಕಾಯಿತು. ಗ್ರಹಗಳು ಚಲಿಸುತ್ತವೆ ಅಂತ ಎಲ್ಲರೂ ಓದಿರುತ್ತೇವೆ, ಅಲ್ವಾ? ನಮ್ಮದೇ ಬೆರಳಿನ ಅಳತೆಯಲ್ಲಿ ಅದನ್ನು ನೋಡಿದಾಗ ಮೈ ಜುಂ ಅಂದಿತು.

ಅಜ್ಜಿಗೆ ಹೇಳಿದೆ. "ಇಬ್ರೂ ಮಕರದಲ್ಲಿ ಇದಾರೆ, ಗೊತ್ತು ಕಣೋ. ಅಷ್ಟಗ್ರಹ ಕೂಟ ಆದಾಗ್ಲೂ ಮಕರದಲ್ಲೇ ಇದ್ರು" ಅಂದರು. 1962ರ ಫೆಬ್ರವರಿಯಲ್ಲಿ ಪಂಚಾಂಗದ ಎಂಟು ಗ್ರಹ ಒಂದೇ ರಾಶಿಯಲ್ಲಿ ಸೇರಿದ್ದರ ಮಾತು. ಆಗ ಪ್ರಳಯ ಆಗುತ್ತದೆ ಅಂತ ದೇಶವೆಲ್ಲ ಹೆದರಿತ್ತು, ಎಲ್ಲೆಲ್ಲೂ ಹೋಮ ಹವನ ನಡೆದಿದ್ದವು. "ಏನೂ ಆಗ್ಲಿಲ್ಲ. ಮಾರನೇ ದಿನ ಹಸು ಹಾಲು ಕೊಡ್ತು" ಅಂದರು ಅಜ್ಜಿ.

ಹಾಗಾದರೆ ಸುಮಾರು 60 ವರ್ಷಕ್ಕೆ ಇಬ್ಬರೂ ಅಲ್ಲಿಗೇ ಬಂದರಲ್ಲ, ಹೇಗೆ? ಲೆಕ್ಕ ಅಜ್ಜಿ ಬಾಯಲ್ಲೇ ಇತ್ತು. ಗುರು ಒಂದು ರಾಶಿಯಲ್ಲಿ ಒಂದು ವರ್ಷ, ಶನಿ ಎರಡೂವರೆ ವರ್ಷ. ಸಾಡೇಸಾತಿಯ ಏಳೂವರೆ ವರ್ಷ ಅಂದರೆ ಮೂರು ರಾಶಿ. 20 ವರ್ಷದಲ್ಲಿ ಶನಿ ಎಂಟು ರಾಶಿ ದಾಟುತ್ತದೆ. ಗುರು ಒಂದು ಪೂರ್ತಿ ಸುತ್ತು ಮುಗಿಸಿ, ಮೇಲೆ ಎಂಟು ರಾಶಿ ನಡೆದು ಅದನ್ನು ಹಿಡಿಯುತ್ತದೆ. ಇಂಥ ಮೂರು ಭೇಟಿಗೆ 60 ವರ್ಷ. ಮತ್ತೆ ಮಕರದ ಸುತ್ತಮುತ್ತ! ಗುರುವಿನ ಸುತ್ತಿಗೆ 11.86 ವರ್ಷ, ಶನಿಗೆ 29.5 ವರ್ಷ ಅಂತ ನಾನು ಓದಿದ್ದೆ. ಆದರೆ ಈ ಕೂಡುವ ಲೆಕ್ಕ ನನಗೆ ಬಂದದ್ದು ಅಜ್ಜಿಯಿಂದ. ಫಲ ಜ್ಯೋತಿಷ್ಯವನ್ನು ನಾನು ನಂಬುವುದಿಲ್ಲ. ಆದರೂ ತಲೆಮಾರುಗಟ್ಟಲೆ ಆಕಾಶ ನೋಡಿ ಈ ಲೆಕ್ಕ ಇಟ್ಟವರ ಮೇಲೆ ತುಂಬಾ ಗೌರವ ಬಂತು.

21ರ ಸಂಜೆ ಅಜ್ಜಿಯನ್ನು ನಿಧಾನವಾಗಿ ತಾರಸಿಗೆ ಹತ್ತಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಪೊರೆ ಆಪರೇಷನ್ ಆದ ಮೇಲೆ ಅವರ ಕಣ್ಣು ಚೆನ್ನಾಗಿದೆ. ಅಂತರ ಈಗ ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಪಾಲು ಅಷ್ಟೇ. ಇಷ್ಟು ಹತ್ತಿರ ಬಂದು, ಜನರ ಕಣ್ಣಿಗೂ ಚೆನ್ನಾಗಿ ಬೀಳುವ ಹಾಗೆ ಇದ್ದದ್ದು ಇದಕ್ಕೆ ಮುಂಚೆ 1226ರಲ್ಲಿ.

ನನ್ನ ಚಿಕ್ಕ ದೂರದರ್ಶಕದಲ್ಲಿ ಎರಡೂ ಒಟ್ಟಿಗೇ ಕಂಡವು. ಗುರುವಿನ ಪಕ್ಕ ಸಾಲಾಗಿ ಅದರ ಚಂದ್ರರು, ಸಾಸಿವೆಗಿಂತ ಸಣ್ಣಕೆ. ಶನಿಗೆ ಉಂಗುರ. ಅಜ್ಜಿ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಯ್ಯೋ, ಓಡ್ತಾ ಇದಾನಲ್ಲೋ ಶನಿ!" ಅಂದರು.

ನಿಜ, ನೋಟದಿಂದ ಜಾರುತ್ತಿದ್ದವು. "ಅದು ಅವನ ಓಟ ಅಲ್ಲ ಅಜ್ಜಿ. ನಾವು ಕೂತಿರೋ ಭೂಮಿ ತಿರುಗ್ತಿದೆ" ಅಂದೆ. ಅಜ್ಜಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಒಂದಕ್ಕೊಂದು ಅಂಟಿದ ಹಾಗೆ ಕಂಡರೂ ಆ ದಿನ ಗುರು ನಮ್ಮಿಂದ ಸುಮಾರು 89 ಕೋಟಿ ಕಿಲೋಮೀಟರ್, ಶನಿ 162 ಕೋಟಿ. ಶನಿಯ ಬೆಳಕು ಹೊರಟು ಒಂದೂವರೆ ಗಂಟೆ ಆಗಿತ್ತು. ಅಷ್ಟು ದೂರದಲ್ಲಿ ಸೂರ್ಯನ ಸೆಳೆತ ಕಡಿಮೆ, ಸುತ್ತುವ ದಾರಿಯೂ ಉದ್ದ. ಅದಕ್ಕೇ ಅದು ಶನೈಶ್ಚರ, ಮೆಲ್ಲಗೆ ನಡೆಯುವವನು.

ಕ್ರಿಸ್‌ಮಸ್ ದಿನ ಸಂಜೆ ಅಜ್ಜಿಯೇ ಕರೆದರು. ಗುರು ಶನಿಯನ್ನು ದಾಟಿ ಮೇಲೆ ಹೋಗಿತ್ತು.

"ಕುಂಭಕ್ಕೆ ಹೊರಟ ನೋಡು ಗುರು" ಅಂದರು. "ಇವನು ಇನ್ನೂ ಒಂದೂವರೆ ವರ್ಷ ಇಲ್ಲೇ."