ಐವತ್ತರ ಮೇಲೆ ಪಾರ್ಕಿಂಗ್ ಕಲಿಯೋಕಾಗುತ್ತಾ?

"ಓಡಿಸೋದೇನೋ ಓಡಿಸ್ತೀನಿ ಕಣ್ರೀ, ನಿಲ್ಸೋದೇ ಭಯ. ನೀವು ಈ ವಯಸ್ಸಲ್ಲಿ ಹೇಗೆ ಕಲಿತ್ರಿ?"

ಬೆಳಗಿನ ವಾಕಿಂಗ್‌ನಲ್ಲಿ ಸಿಗುವವರು, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ಹಿಂದೆ ಜೊತೆಯಲ್ಲಿ ಕೆಲಸ ಮಾಡಿದವರು, ಎಲ್ಲರದೂ ಇದೇ ಪ್ರಶ್ನೆ. ಹೆಚ್ಚಿನವರು ನನ್ನ ಹಾಗೆ ಮಕ್ಕಳ ಓದು, ಮದುವೆ ಎಲ್ಲ ಮುಗಿದ ಮೇಲೆ ಲೈಸೆನ್ಸ್ ಮಾಡಿಸಿಕೊಂಡ ಹೆಂಗಸರು. ಗಂಡಸರೂ ಕೇಳುತ್ತಾರೆ. ಅವರದು ಮಾತ್ರ "ನಮ್ಮ ಭಾವನಿಗೆ ಒಂದು ಡೌಟು" ಅಂತ ಶುರುವಾಗುತ್ತದೆ. ಅಲ್ಲೊಂದು ಇಲ್ಲೊಂದು ತುಂಡು ಉತ್ತರ ಕೊಟ್ಟು ಸಾಕಾಗಿದೆ, ಪೂರ್ತಿ ಉತ್ತರ ಇಲ್ಲಿ ಬರೆದಿಡುತ್ತೇನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಲವತ್ತು ದಾಟಿದವರು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸಿನ ಅರ್ಜಿಯ ಜೊತೆ ಫಾರಂ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. 2019ರ ತಿದ್ದುಪಡಿಯಾದ ಮೇಲೆ, 50ರಿಂದ 55ರೊಳಗೆ ಲೈಸೆನ್ಸ್ ಪಡೆದರೆ ಅದು 60 ತುಂಬುವವರೆಗೆ ನಡೆಯುತ್ತದೆ. 55 ಆದವರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅಷ್ಟೇ. ಸರ್ಕಾರಕ್ಕಿಲ್ಲದ ಅನುಮಾನ ನಮಗಿರುತ್ತದೆ, ನೆಂಟರಿಷ್ಟರಿಗೆ ಇನ್ನೂ ಜಾಸ್ತಿ ಇರುತ್ತದೆ.

ಡ್ರೈವಿಂಗ್ ಸ್ಕೂಲಿನಲ್ಲಿ ಇದನ್ನೆಲ್ಲ ಹೇಳಿಕೊಡುವುದಿಲ್ಲವೇ? ನಾನು ಕಂಡ ಹಾಗೆ ಇಲ್ಲ. ಬೆಳಿಗ್ಗೆ ಮನೆ ಮುಂದೆ ಎಲ್ ಬೋರ್ಡಿನ ಗಾಡಿ ಬರುತ್ತದೆ, ಮೇಷ್ಟ್ರು ಪಕ್ಕದಲ್ಲಿ ಕೂರುತ್ತಾರೆ, ಅವರ ಕಾಲಿನ ಹತ್ತಿರವೂ ಒಂದು ಕ್ಲಚ್ಚು, ಒಂದು ಬ್ರೇಕು. ರಿಂಗ್ ರಸ್ತೆಯಲ್ಲಿ ನೆಟ್ಟಗೆ ಹೋಗಿ ನೆಟ್ಟಗೆ ಬರುವುದು. ಗಾಡಿ ಓಡಿಸಿದ್ದು ನಾವೋ ಅವರೋ ಅಂತ ಪ್ರಮಾಣ ಮಾಡಿ ಹೇಳುವುದು ಕಷ್ಟ. ನಿಲ್ಲಿಸುವ ಹೊತ್ತಿಗೆ "ಇಳೀರಿ ಮೇಡಂ, ನಾನ್ ಹಾಕ್ಕೋತೀನಿ" ಅನ್ನುತ್ತಾರೆ, ಮುಂದಿನವರು ಕಾಯುತ್ತಿರುತ್ತಾರೆ. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಎಂಟು ಹಾಕಿ, ಒಂದಿಷ್ಟು ರಿವರ್ಸ್ ತೋರಿಸಿ ಪಾಸಾಗುತ್ತೇವೆ. ಆಮೇಲೆ ನೋಡಿದರೆ ಆ ಕಡೆ ನಮ್ಮ ಕಾಂಪೌಂಡು, ಈ ಕಡೆ ಪಕ್ಕದ ಮನೆಯವರ ಸ್ಕೂಟರು, ಮಧ್ಯದಲ್ಲಿ ಚರಂಡಿ ಮೇಲಿನ ಚಪ್ಪಡಿ, ಅದರ ಮೇಲೆ ಹತ್ತಿಸಿ ಗೇಟಿನೊಳಕ್ಕೆ ಬಿಡಬೇಕಾದವರು ನಾವೊಬ್ಬರೇ.

ನನ್ನ ಪ್ರಕಾರ ಪಾರ್ಕಿಂಗ್ ಭಯದಲ್ಲಿ ಮುಕ್ಕಾಲು ಪಾಲು ಕಾರಿನದಲ್ಲ, ನೋಡುವವರದು. ಹಿಂದೆ ಒಬ್ಬ ಹಾರ್ನ್ ಹೊಡೆದ ಎಂದರೆ ಕೈಕಾಲು ಆಡುವುದಿಲ್ಲ. ಬೇಗ ಮುಗಿಸಿಬಿಡೋಣ ಎಂದು ಅವಸರ ಮಾಡುತ್ತೇವೆ, ಗೋಡೆಗೆ ತಾಗುವುದು ಆಗಲೇ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುತ್ತಾ ಬಸ್ಸಿನ ಮೈ ತಟ್ಟುತ್ತಿರುತ್ತಾರೆ, ಡ್ರೈವರ್ ಹಿಂದೆ ಬರುತ್ತಾರೆ, ಸಾಲದಿದ್ದರೆ ಮುಂದೆ ಹೋಗುತ್ತಾರೆ, ಮತ್ತೆ ಹಿಂದೆ ಬರುತ್ತಾರೆ. ದಿನಾ ಅದೇ ಕೆಲಸ ಮಾಡುವವರಿಗೇ ಒಂದೇ ಏಟಿಗೆ ಆಗಬೇಕೆಂಬ ಹಟವಿಲ್ಲ. ನಮಗ್ಯಾಕೆ? ಇಂಡಿಕೇಟರ್ ಹಾಕಿ, ಕಿಟಕಿ ಇಳಿಸಿ, ಸಾಲದಿದ್ದರೆ ಮುಂದೆ ತಂದು ಮತ್ತೆ ಹೋಗಿ. ಹಾರ್ನ್ ಹೊಡೆಯುವವನು ಹೊಡೆಯಲಿ, ಪೆಟ್ರೋಲು ಅವನದು.

ಈಗ ಅಸಲು ವಿದ್ಯೆ. ಕಾರಿನಲ್ಲಿ ಎಡಬಲಕ್ಕೆ ತಿರುಗುವುದು ಮುಂದಿನ ಚಕ್ರಗಳು ಮಾತ್ರ. ಹಿಂದಿನವು ಹಿಂಬಾಲಿಸುತ್ತವೆ, ಅದೂ ಒಳಮೈಯಿಂದ ಅಡ್ಡದಾರಿ ಹಿಡಿದು. ಹಾಗಾಗಿ ಮೂತಿ ಮೊದಲು ಮಾಡಿ ನುಗ್ಗಿದರೆ ಮುಂಭಾಗವೇನೋ ಸಲೀಸಾಗಿ ಕಂಬ ದಾಟುತ್ತದೆ, ಹಿಂದಿನ ಬಾಗಿಲು ಹೋಗಿ ಕಂಬಕ್ಕೆ ಉಜ್ಜುತ್ತದೆ. ಬೆಂಗಳೂರಿನಲ್ಲಿ ಮಗಳ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹಳದಿ-ಕಪ್ಪು ಪಟ್ಟೆ ಬಳಿದ ಕಂಬಗಳಿವೆ. ಅವುಗಳ ಮೂಲೆಯಲ್ಲಿ ಕೆಂಪು, ಬಿಳಿ, ಬೂದು ಬಣ್ಣದ ಗೀರುಗಳು, ಎಲ್ಲವೂ ಬಾಗಿಲಿನ ಎತ್ತರದಲ್ಲಿ. ರಿವರ್ಸ್‌ನಲ್ಲಿ ಹೋದರೆ ತಿರುಗದ ಚಕ್ರಗಳು ಮೊದಲು ಒಳಗೆ ಸೇರಿಕೊಳ್ಳುತ್ತವೆ, ತಿರುಗುವ ಚಕ್ರಗಳು ಹೊರಗೆ ಬಯಲಲ್ಲೇ ಉಳಿಯುತ್ತವೆ, ಹೇಗೆ ಬೇಕಾದರೂ ಸರಿಮಾಡಿಕೊಳ್ಳಬಹುದು. ಕಷ್ಟವೆಂದು ಎಲ್ಲರೂ ಹೆದರುವ ರಿವರ್ಸೇ ಇಕ್ಕಟ್ಟಿನಲ್ಲಿ ಸುಲಭ. ಒಂದು ಎಚ್ಚರ ಮಾತ್ರ ಬೇಕು: ಹಿಂಭಾಗ ಎಡಕ್ಕೆ ಹೋಗುವಾಗ ಮುಂದಿನ ಬಂಪರ್ ಬಲಕ್ಕೆ ಬೀಸುತ್ತದೆ. ನಾವು ಹಿಂದೆ ನೋಡುತ್ತಿರುವಾಗ ಮುಂದಿನ ಮೂಲೆ ಯಾರದೋ ಬೈಕನ್ನು ಮಲಗಿಸಿರುತ್ತದೆ.

ಜಾಗ ಎಷ್ಟಿದೆ ಎಂದು ಲೆಕ್ಕ ಹಾಕಿ ನೋಡಿದ್ದು ನನಗೆ ಧೈರ್ಯ ಕೊಟ್ಟಿತು. ನಮ್ಮದು ವ್ಯಾಗನ್ ಆರ್. ಉದ್ದ 3,655 ಮಿಲಿಮೀಟರ್, ಅಗಲ ಪಕ್ಕದ ಕನ್ನಡಿ ಬಿಟ್ಟು 1,620. ಸಾಮಾನ್ಯವಾಗಿ ಗೆರೆ ಎಳೆದ ಪಾರ್ಕಿಂಗ್ ಜಾಗದ ಅಗಲ ಎರಡೂವರೆ ಮೀಟರ್. ಅಂದರೆ ಸರಿಯಾಗಿ ಮಧ್ಯದಲ್ಲಿ ನಿಂತರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೊಂದು ಮೊಳ ಮಿಗುತ್ತದೆ. ಒಳಗೆ ಕೂತಾಗ ನಾಲ್ಕು ಬೆರಳೂ ಇಲ್ಲ ಅನ್ನಿಸುತ್ತದೆ, ಇಳಿದು ನೋಡಿದರೆ ಮೊಳ ಇರುತ್ತದೆ. ಇಳಿದು ನೋಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ನಾನು ಈಗಲೂ ಹೊಸ ಜಾಗವಾದರೆ ಇಳಿದು ನೋಡಿಯೇ ಹಾಕುವುದು.

ಅಭ್ಯಾಸ ಮಾಡಿದ್ದು ಊರಾಚೆಯ ಬಡಾವಣೆಯೊಂದರಲ್ಲಿ, ಇನ್ನೂ ಮನೆಗಳೇಳದ ಸೈಟುಗಳ ನಡುವಿನ ಡಾಂಬರು ರಸ್ತೆಯಲ್ಲಿ, ಭಾನುವಾರ ಬೆಳಗಿನ ಹೊತ್ತು. ಅಳತೆಗೆ ಟೇಪು, ಗೆರೆಗೆ ರಂಗೋಲಿ ಪುಡಿ. ಎರಡೂವರೆ ಮೀಟರ್ ಅಗಲಕ್ಕೆ, ಐದು ಮೀಟರ್ ಉದ್ದಕ್ಕೆ ಗೆರೆ ಎಳೆದು, ಕಂಬದ ಬದಲು ಮೂಲೆಗೊಂದರಂತೆ ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಖಾಲಿ ಕ್ಯಾನು. ಗಾಳಿಗೆ ಉರುಳದ ಹಾಗೆ ಒಳಗೆ ಒಂದೊಂದು ಚೊಂಬು ನೀರು. ಕಾರು ತಾಗಿದರೆ ಡೊಬ್ ಅಂತ ಸದ್ದು ಬರುತ್ತದೆ, ಬಂಪರಿಗೆ ಏನೂ ಆಗುವುದಿಲ್ಲ. ಆ ಸದ್ದು ಕೇಳಿ ಕೇಳಿಯೇ ಕಾರಿನ ಮೈ ಎಲ್ಲಿಗೆ ಮುಗಿಯುತ್ತದೆ ಅನ್ನುವುದು ತಲೆಗೆ ಹತ್ತಿದ್ದು.

ಎಡಗಡೆಯ ಜಾಗಕ್ಕೆ ಹಿಂದಿನಿಂದ ಹೋಗುವ ಕ್ರಮ ಇದು. ಜಾಗದ ಬಾಯಿಂದ ನಾಲ್ಕಡಿ ದೂರ ಬಿಟ್ಟು, ರಸ್ತೆಗೆ ನೇರವಾಗಿ ಮುಂದೆ ಸಾಗಬೇಕು. ಹಿಂದಿನ ಬಂಪರ್ ಜಾಗದ ಆಚೆ ಗೆರೆಯನ್ನು ದಾಟಿ ಇನ್ನೂ ನಾಲ್ಕೈದು ಅಡಿ ಹೋದ ಮೇಲೆ ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ಎಡಕ್ಕೆ. ಕ್ಲಚ್ಚನ್ನು ಅರ್ಧ ಬಿಟ್ಟು ಇರುವೆ ನಡಿಗೆಯಲ್ಲಿ ಹಿಂದಕ್ಕೆ. ಕಣ್ಣು ಎಡಗನ್ನಡಿಯಲ್ಲಿರಬೇಕು, ನಡುನಡುವೆ ಮುಂದಿನ ಬಲಮೂಲೆಗೂ ಹೋಗಿ ಬರಬೇಕು. ಕನ್ನಡಿಯಲ್ಲಿ ರಂಗೋಲಿ ಗೆರೆ ಮೊದಲು ಕಾರಿಗೆ ಅಡ್ಡಡ್ಡ ಕಾಣುತ್ತದೆ, ಆಮೇಲೆ ವಾರೆಯಾಗುತ್ತದೆ, ಕೊನೆಗೆ ಬಾಗಿಲಿನ ಪಕ್ಕದಲ್ಲಿ ಉದ್ದಕ್ಕೆ ಮಲಗುತ್ತದೆ. ಹಾಗೆ ಮಲಗಿದ ಕೂಡಲೇ ಸ್ಟೇರಿಂಗ್ ನೇರ ಮಾಡಿ ಹಿಂದಕ್ಕೆ ಬಿಡುವುದು. ನಮ್ಮ ಕಾರಿನಲ್ಲಿ ಪೂರ್ತಿ ಎಡದಿಂದ ನೇರಕ್ಕೆ ಸುಮಾರು ಒಂದೂವರೆ ಸುತ್ತು. ಈ ಅಡಿ, ಸುತ್ತು ಎಲ್ಲ ಕಾರಿಂದ ಕಾರಿಗೆ ಬೇರೆ, ನಿಮ್ಮದನ್ನು ಕ್ಯಾನಿಟ್ಟೇ ಕಂಡುಕೊಳ್ಳಿ. ಎಡಗನ್ನಡಿಯ ಗಾಜು ಉಬ್ಬುಗಾಜು, ಅದರಲ್ಲಿ ಕಂಬ ಇರುವುದಕ್ಕಿಂತ ದೂರ ಕಾಣುತ್ತದೆ ಅನ್ನುವುದೂ ನೆನಪಿರಲಿ. ಪಾರ್ಕ್ ಮಾಡುವಾಗ ನಾನು ಅದನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿ ಹಿಂದಿನ ಟೈರು ಕಾಣುವ ಹಾಗೆ ಮಾಡಿಕೊಳ್ಳುತ್ತೇನೆ, ಹೊರಡುವಾಗ ಮೊದಲಿನಂತೆ ಎತ್ತಬೇಕು.

ವಯಸ್ಸಿನದೇ ಆದ ತೊಂದರೆಗಳೂ ಇವೆ, ಇಲ್ಲ ಅನ್ನುವುದಿಲ್ಲ. ಯಾರೂ ಅವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಒಂದು ಕತ್ತು. ಇಪ್ಪತ್ತೈದರ ಹುಡುಗ ಪಕ್ಕದ ಸೀಟಿನ ಮೇಲೆ ಕೈ ಹಾಕಿ ಪೂರ್ತಿ ಹಿಂದಕ್ಕೆ ತಿರುಗುತ್ತಾನೆ, ನಮ್ಮ ಕತ್ತು ಅರ್ಧಕ್ಕೇ ನಿಲ್ಲುತ್ತದೆ. ಸೀಟು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ರಿವರ್ಸ್ ಹಾಕುವ ಮೊದಲು ಸೊಂಟದಿಂದಲೇ ತಿರುಗಿ ಒಮ್ಮೆ ನೋಡಿ, ಮಿಕ್ಕಿದ್ದಕ್ಕೆ ಕನ್ನಡಿ ನಂಬಬೇಕು. ಇನ್ನೊಂದು ಕನ್ನಡಕ. ಬೈಫೋಕಲ್, ಪ್ರೋಗ್ರೆಸ್ಸಿವ್ ಗಾಜಿನ ಕೆಳಭಾಗ ಓದುವುದಕ್ಕೆ ಇರುವುದು. ಗಲ್ಲ ಎತ್ತಿ ಕೆಳಗಿನ ಕನ್ನಡಿ ನೋಡಿದರೆ ಆ ಭಾಗದಿಂದಲೇ ನೋಡಿದಂತಾಗಿ ಎಲ್ಲ ಮಸುಕು. ಪ್ರೋಗ್ರೆಸ್ಸಿವ್‌ನಲ್ಲಿ ಗಾಜಿನ ಅಂಚಿನಿಂದ ನೋಡಿದರೆ ಗೆರೆಯೇ ಬಾಗಿದ ಹಾಗೆ ಕಾಣುತ್ತದೆ. ಕಣ್ಣನ್ನಲ್ಲ, ಮುಖವನ್ನೇ ಕನ್ನಡಿಯ ಕಡೆ ತಿರುಗಿಸಬೇಕು. ಪೊರೆ ಶುರುವಾಗಿದ್ದರೆ ರಾತ್ರಿ ಎದುರು ಗಾಡಿಯ ಲೈಟು ಕಣ್ಣು ಕೋರೈಸುತ್ತದೆ, ಅದಕ್ಕೆ ಅಭ್ಯಾಸ ಮದ್ದಲ್ಲ, ಕಣ್ಣಿನ ಡಾಕ್ಟರೇ.

ಕಾಲಿನದು ಇದೆಲ್ಲಕ್ಕಿಂತ ಮುಖ್ಯ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿ ಗೋಡೆಗೆ ಹೋಗಿ ಗುದ್ದಿದವರ ಕತೆ ನೀವೂ ಕೇಳಿರುತ್ತೀರಿ. ಕ್ಲಚ್ ಪೆಡಲ್ ಇಲ್ಲದ, ಗೇರು ತಾನೇ ಬದಲಾಗುವ ಎಎಂಟಿ ಕಾರು 2014ರಲ್ಲಿ ಮಾರುತಿಯ ಸೆಲೆರಿಯೋ ಜೊತೆ ನಮ್ಮ ದೇಶಕ್ಕೆ ಬಂತು, ನಮ್ಮ ವಯಸ್ಸಿನವರಿಗೆ ನಿಜಕ್ಕೂ ಉಪಕಾರವೇ ಆಯಿತು. ಕಲಿಯುವುದರಲ್ಲಿ ಅರ್ಧ ತಲೆನೋವು ಕಡಿಮೆ. ಆದರೆ ಸಮತಟ್ಟು ನೆಲದಲ್ಲಿ ಅದು ಬ್ರೇಕ್ ಬಿಟ್ಟರೆ ಸಾಕು, ತಾನೇ ತೆವಳುತ್ತದೆ. ಪಾರ್ಕ್ ಮಾಡುವಾಗ ಆಕ್ಸಿಲರೇಟರ್ ಬೇಕಾಗಿಯೇ ಇಲ್ಲ. ಹಿಮ್ಮಡಿ ನೆಲಕ್ಕೆ ಊರಿ, ಪಾದ ಬ್ರೇಕಿನ ಮೇಲೇ ಇರಲಿ. ಬೇಸ್‌ಮೆಂಟಿನ ರ‍್ಯಾಂಪಿನಂಥ ಏರಿನಲ್ಲಿ ಮಾತ್ರ ಹಿಂದಕ್ಕೆ ಜಾರಬಹುದು, ಅಲ್ಲಿ ಹ್ಯಾಂಡ್ ಬ್ರೇಕ್ ಹಾಕಿಕೊಂಡು, ಗಾಡಿ ಮುಂದಕ್ಕೆ ಎಳೆಯತೊಡಗಿದ ಮೇಲೆ ಅದನ್ನು ಬಿಟ್ಟು ಹೊರಡಿ.

"ಸೆನ್ಸರ್ ಇದೆಯಲ್ಲ, ಮತ್ತೇಕೆ ಇಷ್ಟೆಲ್ಲ?" ಅನ್ನುತ್ತಾರೆ. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆಲ್ಲ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ಒಳ್ಳೆಯದೇ. ಗೋಡೆ, ಕಾರು ಇಂಥವನ್ನು ಚೆನ್ನಾಗಿ ಹಿಡಿಯುತ್ತದೆ. ತೆಳ್ಳನೆಯ ಕಬ್ಬಿಣದ ಕಂಬಿ, ನೆಲಮಟ್ಟದ ಕಲ್ಲು, ಬಾಯಿ ತೆರೆದ ಚರಂಡಿ, ಅಂದರೆ ನಮ್ಮ ಬೀದಿಗಳಲ್ಲಿ ಇರುವುದೆಲ್ಲ, ತಪ್ಪಿಸಿಕೊಳ್ಳಬಹುದು. ಮಳೆಗಾಲದಲ್ಲಿ ಕ್ಯಾಮೆರಾಗೆ ಕೆಸರು ಮೆತ್ತಿದರೆ ಅದೂ ಕುರುಡು.

ಸೆನ್ಸರಿಗಿಂತ ಹೆಚ್ಚು ಗಲಾಟೆ ಮಾಡುವವರು ಸಹಾಯಕ್ಕೆ ಬರುವವರು. ಎಲ್ಲಿಂದಲೋ ಪ್ರತ್ಯಕ್ಷರಾಗಿ "ಬರ್ಲಿ ಬರ್ಲಿ ಬರ್ಲಿ... ಲೆಫ್ಟ್ ಕಟ್ ಮಾಡಿ... ಫುಲ್ ಕಟ್... ಬರ್ಲಿ..." ಅನ್ನುತ್ತಾರೆ, "ಸಾಕ್!" ಅನ್ನುವಷ್ಟರಲ್ಲಿ ತಾಗಿರುತ್ತದೆ. ಅವರ ಎಡವೋ ನಮ್ಮ ಎಡವೋ ಎಂಬುದು ಬೇರೆ. ನನ್ನದು ಕಡ್ಡಾಯದ ನಿಯಮ: ಹೇಳುವವರು ಒಬ್ಬರೇ ಇರಬೇಕು, ಅವರು ನನಗೆ ಕನ್ನಡಿಯಲ್ಲಿ ಕಾಣುತ್ತಿರಬೇಕು, ಕಾಣದಿದ್ದರೆ ಬ್ರೇಕ್. ಸ್ಟೇರಿಂಗ್ ಎತ್ತ ತಿರುಗಿಸಬೇಕೆಂದು ಅವರು ಹೇಳಬೇಕಿಲ್ಲ, ಎಷ್ಟು ಜಾಗ ಉಳಿದಿದೆ ಎಂದಷ್ಟೇ ಹೇಳಿದರೆ ಸಾಕು. ಇನ್ನು ಪಕ್ಕದ ಸೀಟಿನಲ್ಲಿ, ಕಲಿಯುವ ಕಾಲದಲ್ಲಿ, ಮನೆಯವರು ಕೂರಲೇಬಾರದು. ನಮ್ಮವರು ಒಳ್ಳೆಯ ಡ್ರೈವರ್, ತಾಳ್ಮೆಯ ಮನುಷ್ಯ. ಆದರೂ ಕ್ಯಾನು ಡೊಬ್ ಅಂದಾಗಲೆಲ್ಲ ಉಸಿರು ಎಳೆದುಕೊಳ್ಳುತ್ತಿದ್ದರು. ಅವರನ್ನು ಮನೆಯಲ್ಲಿ ಬಿಟ್ಟು, ಓಣಿಯ ಗೆಳತಿಯನ್ನು ಕರೆದುಕೊಂಡು ಹೋಗತೊಡಗಿದ ಮೇಲೆ ಕೈ ಕುದುರಿತು. ಆಕೆಗೆ ಡ್ರೈವಿಂಗೇ ಬರುತ್ತಿರಲಿಲ್ಲ, ಹಾಗಾಗಿ ಸಲಹೆ ಕೊಡಲಿಲ್ಲ.

ರಸ್ತೆ ಬದಿಯಲ್ಲಿ ಎರಡು ಕಾರಿನ ನಡುವೆ ಹಾಕುವುದನ್ನು ಕೊನೆಗೆ ಕಲಿಯಿರಿ. ನಮ್ಮ ಕಾರಿನ ಒಂದೂವರೆ ಪಟ್ಟು ಉದ್ದದ ಜಾಗ ಸಿಕ್ಕರೆ ಮಾತ್ರ ನಾನು ಕೈ ಹಾಕುವುದು. ಮುಂದಿನ ಕಾರಿನ ಪಕ್ಕಕ್ಕೆ ಎರಡು-ಮೂರಡಿ ಬಿಟ್ಟು, ಹಿಂದಿನ ಬಂಪರುಗಳು ಸಮಕ್ಕೆ ಬರುವಂತೆ ನಿಲ್ಲಿಸಿ, ಪೂರ್ತಿ ಎಡಕ್ಕೆ ತಿರುಗಿಸಿ ಹಿಂದಕ್ಕೆ. ಕಾರು ಅರ್ಧ ವಾರೆಯಾದಾಗ ಸ್ಟೇರಿಂಗ್ ನೇರ. ನಮ್ಮ ಮುಂದಿನ ಎಡಮೂಲೆ ಆ ಕಾರಿನ ಹಿಂದಿನ ಬಂಪರನ್ನು ದಾಟಿದ ಮೇಲೆ ಪೂರ್ತಿ ಬಲಕ್ಕೆ. ಬಾಯಲ್ಲಿ ಹೇಳುವುದು ಇಷ್ಟೇ. ನಿಜವಾದ ಕಷ್ಟ ಏನೆಂದರೆ ನಾವು ಹಿಂದಕ್ಕೆ ಬರಲೆಂದು ಮುಂದೆ ಹೋಗುವಷ್ಟರಲ್ಲಿ ಆ ಜಾಗಕ್ಕೆ ಒಂದು ಸ್ಕೂಟರ್ ನುಗ್ಗಿರುತ್ತದೆ. ಅಥವಾ ಮನೆಯವರೇ ರಸ್ತೆಯ ಮೇಲೆ ಹೂಕುಂಡ, ಕಲ್ಲು ಇಟ್ಟು ಜಾಗ ಹಿಡಿದಿರುತ್ತಾರೆ. ಗೇಟಿಗೆ ತೂಗುಹಾಕಿದ ನೋ ಪಾರ್ಕಿಂಗ್ ಫಲಕದ ಅರ್ಧಭಾಗ ಯಾವುದೋ ಟ್ಯೂಷನ್ನಿನ ಜಾಹೀರಾತು. ಗೇಟಿನ ಮುಂದೆ ನಿಲ್ಲಿಸುವುದು ತಪ್ಪೇ, ಒಪ್ಪುತ್ತೇನೆ. ಎದುರು ಬದಿಯ ಮರದ ಕೆಳಗೂ ತಮ್ಮದೇ ಎಂದರೆ ಹೇಗೆ?

ಕೊನೆಯದಾಗಿ, "ಈಗ ಎಲ್ಲಿ ಬೇಕಾದ್ರೂ ಹಾಕ್ತೀರಾ?" ಇಲ್ಲ. ಛತ್ರಕ್ಕೆ ಹೋದರೆ ಮುಹೂರ್ತಕ್ಕೆ ಒಂದು ಗಂಟೆ ಮೊದಲೇ ಹೋಗಿ, ಹೊರಡಲು ಸುಲಭವಾಗುವ ಕಡೆ ಮೂತಿ ರಸ್ತೆಗೆ ಮಾಡಿ ನಿಲ್ಲಿಸುತ್ತೇನೆ. ಊಟದ ನಡುವೆ ಮೈಕಿನಲ್ಲಿ ಗಾಡಿ ನಂಬರ್ ಕೂಗಿಸಿಕೊಂಡು ಎಂಜಲು ಕೈಯಲ್ಲಿ ಓಡುವವರನ್ನು ಬೇಕಾದಷ್ಟು ನೋಡಿದ್ದೇನೆ. ದೇವರಾಜ ಅರಸು ರಸ್ತೆಯಲ್ಲಿ ಕೆಲಸವಿದ್ದರೆ ಎರಡು ಬೀದಿ ಆಚೆ ಸಲೀಸಾದ ಜಾಗ ನೋಡಿ ಹಾಕಿ ನಡೆದುಕೊಂಡು ಹೋಗುತ್ತೇನೆ. ದಸರಾ ಸಮಯದಲ್ಲಂತೂ ಕಾರನ್ನು ಮನೆಯಿಂದ ತೆಗೆಯುವುದೇ ಇಲ್ಲ, ಆಟೋ. ಮೀಟರ್ ಮೇಲೆ ಇಪ್ಪತ್ತು ಕೊಡಿ ಅನ್ನುತ್ತಾರೆ, ಕೊಡುತ್ತೇನೆ.