ಸರ್ವರ್ ಬದಿಗೆ ಯಾವುದು ಒಳ್ಳೆಯದು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ವೆಬ್ ತಂತ್ರಾಂಶ ಬರೆಯುತ್ತಿರುವ ನನಗೆ ಎಂಜಿನಿಯರಿಂಗ್ ಓದುವ ಹುಡುಗರಿಂದ ಹಿಡಿದು ಸ್ವಂತ ಉದ್ಯಮ ಆರಂಭಿಸುವ ಗೆಳೆಯರವರೆಗೆ ಎಲ್ಲರೂ ಹಾಕುವ ಪ್ರಶ್ನೆ ಒಂದೇ: ಸರ್ವರ್‌ನಲ್ಲಿ, ಅಂದರೆ ಬಳಕೆದಾರರ ಕೋರಿಕೆಗಳಿಗೆ ಉತ್ತರ ಕೊಡುವ ಕಂಪ್ಯೂಟರಿನಲ್ಲಿ, ನಡೆಯುವ ಪ್ರೋಗ್ರಾಂ ಬರೆಯಲು ಪಿಎಚ್‌ಪಿ, ನೋಡ್, ಜಾವಾ, ಡಾಟ್‌ನೆಟ್, ಜಾಂಗೊ ಎಂಬ ಭಾಷೆ, ಸಾಧನಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ವೇಗದ ಪಟ್ಟಿಗಳನ್ನು ನೋಡಿ ತೀರ್ಮಾನಿಸಬೇಡಿ ಎಂದೇ ನಾನು ಮೊದಲು ಹೇಳುತ್ತೇನೆ. ನಿಮ್ಮ ಪ್ರೋಗ್ರಾಂ ಹೆಚ್ಚು ಹೊತ್ತು ಕಳೆಯುವುದು ಕಾಯುವುದರಲ್ಲೋ ಲೆಕ್ಕ ಹಾಕುವುದರಲ್ಲೋ, ನೀವು ಬಿಟ್ಟುಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು, ಈ ಎರಡು ಸಂಗತಿಗಳು ಗೊತ್ತಾದರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಮೊದಲನೆಯದನ್ನು ನಾನು ಕಲಿತದ್ದು ಒಂದು ಪತ್ತಿನ ಸಹಕಾರ ಸಂಘದ ಕೆಲಸದಲ್ಲಿ. ಅದಕ್ಕೆ, ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರ್‌ನಲ್ಲಿ ನಡೆಸುವ ನೋಡ್ ಬಳಸಿದ್ದೆ. ದಿನನಿತ್ಯದ ವ್ಯವಹಾರವೆಂದರೆ ಡೇಟಾಬೇಸನ್ನು ಕೇಳುವುದು, ಉತ್ತರಕ್ಕಾಗಿ ಕಾಯುವುದು. ಕಾಯುವ ಹೊತ್ತಿನಲ್ಲಿ ಇನ್ನೊಬ್ಬರ ಕೋರಿಕೆಯನ್ನು ಕೈಗೆತ್ತಿಕೊಳ್ಳುವುದರಲ್ಲಿ, 2009ರಲ್ಲಿ ರಯಾನ್ ಡಾಲ್ ಹೊರತಂದ ಈ ವ್ಯವಸ್ಥೆ ಬಹಳ ಚುರುಕು. ಆದರೆ ಮಾರ್ಚ್ ಕೊನೆಯ ದಿನ ಎಲ್ಲ ಸದಸ್ಯರ ಬಡ್ಡಿಯನ್ನೂ ಒಂದೇ ಲೂಪಿನಲ್ಲಿ (ಅದೇ ಸೂಚನೆಗಳನ್ನು ಮತ್ತೆ ಮತ್ತೆ ನಡೆಸುವ ಸುತ್ತಿನಲ್ಲಿ) ಲೆಕ್ಕ ಹಾಕಲು ಹೊರಟಾಗ ಕೌಂಟರಿನ ಗುಮಾಸ್ತರು ಖಾತೆ ಸಂಖ್ಯೆ ಒತ್ತಿದರೂ ಪರದೆ ಅಲುಗಾಡಲಿಲ್ಲ. ಎದುರಿನ ಬೆಂಚಿನ ಮೇಲೆ ಪಾಸ್‌ಬುಕ್ ಹಿಡಿದ ಹಿರಿಯರು ಕಾಯುತ್ತಲೇ ಇದ್ದರು. ಸರ್ವರ್ ಕೆಟ್ಟಿರಲಿಲ್ಲ. ನೋಡ್ ನಮ್ಮ ಜಾವಾಸ್ಕ್ರಿಪ್ಟನ್ನು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದರ ಹಿಂದೊಂದು ಕೆಲಸ ಸಾಗುವ ಒಂದೇ ಸಾಲಿನಲ್ಲಿ, ನಡೆಸುವುದರಿಂದ ಆ ಲೂಪ್ ಮುಗಿಯುವವರೆಗೆ ಬೇರೆ ಯಾವ ಕೋರಿಕೆಗೂ ಸರದಿ ಬರುವಂತಿರಲಿಲ್ಲ. ಲೆಕ್ಕವನ್ನು ಪ್ರತ್ಯೇಕ ಪ್ರೊಸೆಸ್‌ಗೆ, ಅಂದರೆ ಬೇರೆಯಾಗಿ ಓಡುವ ಪ್ರೋಗ್ರಾಂಗೆ, ಸಾಗಿಸಿದ ಕೂಡಲೇ ಕೌಂಟರ್ ಸರಿಹೋಯಿತು.

ಅದೇ ಲೂಪ್ ಪಿಎಚ್‌ಪಿಯಲ್ಲಿದ್ದಿದ್ದರೆ ಆ ಒಂದು ಪುಟ ಮಾತ್ರ ತಡವಾಗುತ್ತಿತ್ತು, ಏಕೆಂದರೆ ಸಾಮಾನ್ಯವಾಗಿ ಅಲ್ಲಿ ಏಕಕಾಲಕ್ಕೆ ಬಂದ ಕೋರಿಕೆಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳು ನೋಡಿಕೊಳ್ಳುತ್ತವೆ. ಕೋರಿಕೆ ಮುಗಿದೊಡನೆ ಪಿಎಚ್‌ಪಿ ಎಲ್ಲವನ್ನೂ ಮರೆತುಬಿಡುತ್ತದೆ. ಹೀಗಾಗಿ ಒಂದು ಪುಟದ ತಪ್ಪು ಇನ್ನೊಂದಕ್ಕೆ ಅಂಟುವುದು ಅಪರೂಪ, ಆದರೆ ಸಂಪರ್ಕವನ್ನು ಸದಾ ತೆರೆದಿಡಬೇಕಾದ ಹರಟೆಯಂಥ (ಚಾಟ್) ಸೇವೆಗಳಿಗೆ ಅದು ಸಹಜವಾಗಿ ಹೊಂದುವುದಿಲ್ಲ. 1995ರ ಭಾಷೆ, ಹಳತಾಯಿತು ಎಂದು ತಳ್ಳಿಹಾಕುವವರಿಗೆ 2015ರ ಏಳನೆಯ ಆವೃತ್ತಿ ಅದನ್ನು ಎಷ್ಟು ಚುರುಕುಗೊಳಿಸಿತೆಂಬುದು ಗೊತ್ತಿರುವಂತೆ ಕಾಣುವುದಿಲ್ಲ. ನಾವು ಓದುವ ಕನ್ನಡ ವಿಕಿಪೀಡಿಯ ನಡೆಯುವುದೂ ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿಯ ಮೇಲೆಯೇ.

ಕೆಲಸ ಹುಡುಕುವವರು ಕೇಳಿದರೆ ಜಾವಾ ಮತ್ತು ಅದರಲ್ಲಿ ವೆಬ್ ಸೇವೆ ಕಟ್ಟಲು ನೆರವಾಗುವ ಸ್ಪ್ರಿಂಗ್ ಬೂಟ್ ಕಲಿಯಿರಿ ಎನ್ನುತ್ತೇನೆ. ಬ್ಯಾಂಕು, ವಿಮೆಗಳಂಥ ದೊಡ್ಡ ವ್ಯವಸ್ಥೆಗಳಲ್ಲಿ ಅದರ ಬೇರು ಆಳವಾಗಿದೆ. 2023ರಲ್ಲಿ ಬಂದ ಜಾವಾ 21ರ ವರ್ಚುವಲ್ ಥ್ರೆಡ್‌ಗಳಿಂದಾಗಿ ಸಾವಿರಾರು ಕೋರಿಕೆಗಳು ಕಡಿಮೆ ವೆಚ್ಚದಲ್ಲಿ ಕಾಯಬಲ್ಲವಾದ್ದರಿಂದ, ನೋಡ್‌ಗೆ ಈ ವಿಷಯದಲ್ಲಿದ್ದ ಮೇಲುಗೈ ಸಾಕಷ್ಟು ಕುಗ್ಗಿದೆ. ವಿಂಡೋಸ್‌ಗೆ ಕಟ್ಟುಬಿದ್ದಿದ್ದ, ಡಾಟ್‌ನೆಟ್‌ನ ವೆಬ್ ಭಾಗವಾದ ಎಎಸ್‌ಪಿ ಡಾಟ್‌ನೆಟ್ ಕೂಡ 2016ರಿಂದ ಲಿನಕ್ಸ್ ಮೇಲೆ ಓಡುತ್ತಿದೆ. ಅದರ ಭಾಷೆಯಾದ ಸಿ ಶಾರ್ಪ್ ಬಲ್ಲ ತಂಡ ಅದನ್ನು ಬಿಡಲು ಕಾರಣವಿಲ್ಲ.

ಕನ್ನಡದ ಮಾಹಿತಿ ಇಡುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ‘ಕನ್ನಡ’ ಎಂಬ ಪದದ ಉದ್ದ ಎಷ್ಟೆಂದು ಕೇಳಿ ನೋಡಿ: ನಮ್ಮ ಕಣ್ಣಿಗೆ ಮೂರು ಅಕ್ಷರ, ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಒತ್ತಕ್ಷರವನ್ನು ಬಿಡಿಸಿ ಎಣಿಸಿ ಐದು ಎನ್ನುತ್ತವೆ, ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ವಿಧಾನದಲ್ಲಿ, ಉದ್ದ ಅಳೆಯುವ ಪಿಎಚ್‌ಪಿಯ ಸಾಮಾನ್ಯ ಫಂಕ್ಷನ್ ಸ್ಟ್ರ್‌ಲೆನ್ ಹದಿನೈದು ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಬೈಟ್‌ಗಳನ್ನು. ರಸೀದಿಯಲ್ಲಿ ಹೆಸರು ಹಿಡಿಸಲಿಲ್ಲವೆಂದು ಅದೇ ಎಣಿಕೆಯಲ್ಲಿ ಕತ್ತರಿಸಿದರೆ ಕೊನೆಯ ಅಕ್ಷರ ಒಡೆದು ಅರ್ಥವಿಲ್ಲದ ಚಿಹ್ನೆಯಾಗಿ ಅಚ್ಚಾಗುತ್ತದೆ. ಪಿಎಚ್‌ಪಿಯಲ್ಲೇ ಇರುವ, ‘ಎಂಬಿ’ಯಿಂದ ಶುರುವಾಗುವ ಫಂಕ್ಷನ್‌ಗಳನ್ನು ಬಳಸಿದರೆ ಈ ತೊಂದರೆ ತಪ್ಪುತ್ತದೆ, ಆದರೂ ಒತ್ತಕ್ಷರದ ನಡುವೆ ಕತ್ತರಿ ಬೀಳುವುದನ್ನು ಯಾವ ಭಾಷೆಯಲ್ಲಾದರೂ ನಾವೇ ತಡೆಯಬೇಕು.

ಆ ಸಂಘದ ಕೆಲಸವನ್ನು ಇಂದು ಹೊಸದಾಗಿ ಬರೆಯುವುದಾದರೆ ನಾನು ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೊ ಆರಿಸುತ್ತೇನೆ. ಅಮೆರಿಕದ ಕ್ಯಾನ್ಸಸ್‌ನ ಒಂದು ಪತ್ರಿಕಾ ಕಚೇರಿಯ ಅಗತ್ಯಗಳಿಂದ ಹುಟ್ಟಿ 2005ರಲ್ಲಿ ಎಲ್ಲರಿಗೂ ಮುಕ್ತವಾದ ಅದರಲ್ಲಿ, ಗುಮಾಸ್ತರು ಸದಸ್ಯರ ವಿವರ ತುಂಬಲು ಮತ್ತು ತಿದ್ದಲು ಬೇಕಾದ ಪರದೆಗಳು ಬಹುತೇಕ ಸಿದ್ಧವಾಗಿಯೇ ಸಿಗುತ್ತವೆ. ಸಂಘದ ಹತ್ತಿರದಲ್ಲಿ ಪಿಎಚ್‌ಪಿ ಬಲ್ಲವರು ಮಾತ್ರ ಸಿಗುತ್ತಾರೆಂದಾದರೆ ಆ ಭಾಷೆಯದೇ ವೆಬ್ ಚೌಕಟ್ಟಾದ ಲಾರಾವೆಲ್‌ನಲ್ಲಿ ಬರೆದುಕೊಡುತ್ತೇನೆ, ಏಕೆಂದರೆ ಮುಂದಿನ ಮಾರ್ಚ್‌ನಲ್ಲಿ ಆ ಕೌಂಟರಿನ ಬಳಿ ನಾನಿರುವುದಿಲ್ಲ.